ಗಣಿಯವರ ಸ್ತೋತ್ರ

ಮಗಳು ಟೆನರ್ ಹಾರ್ನ್ ಎಂಬ ಹಿತ್ತಾಳೆ ವಾದ್ಯ ನುಡಿಸುವ ಹಳ್ಳಿ ಬ್ಯಾಂಡಿನಲ್ಲಿ ಅಭ್ಯಾಸ ಶುರುವಾಗುವುದೇ ಚರ್ಚಿನ ಸ್ತೋತ್ರದಿಂದ. ಬೆರಳಿಗೆ ಕೆಲಸ ಕಡಿಮೆ, ಉಸಿರಿಗೆ ಜಾಸ್ತಿ. ಪಕ್ಕದವರ ಶ್ರುತಿಗೆ ಕಿವಿ ಕೊಡದಿದ್ದರೆ ತಕ್ಷಣ ಗೊತ್ತಾಗುತ್ತದೆ. ಹಾಡಿನ ಸಾಲು ಎಲ್ಲಿ ಮುಗಿಯುತ್ತದೋ ಅಲ್ಲೇ ಉಸಿರು. ಇಂಗ್ಲೆಂಡಿನ ಈ ಹಿತ್ತಾಳೆ ವಾದ್ಯಗಳ ಬ್ಯಾಂಡುಗಳಲ್ಲಿ ಟ್ರಂಪೆಟ್ ಇಲ್ಲ, ಅದನ್ನೇ ಹೋಲುವ ಗಿಡ್ಡ ಕಾರ್ನೆಟ್ ಇದೆ. ಕಾರ್ನೆಟ್, ಹಾರ್ನ್, ತಗ್ಗು ದನಿಯ ಯೂಫೋನಿಯಂಗಳ ಕೊಳವೆ ನಿಧಾನಕ್ಕೆ ಅಗಲವಾಗುತ್ತಾ ಹೋಗುವುದರಿಂದ ದನಿ ಚುಚ್ಚುವುದಿಲ್ಲ. ಎಲ್ಲ ಸೇರಿದಾಗ ಗಂಡಸರು ಹೆಂಗಸರು ಒಟ್ಟಾಗಿ ಹಾಡಿದ ಹಾಗಿರುತ್ತದೆ.

ಅಂಥ ಒಂದು ಸ್ತೋತ್ರದ ಬಗ್ಗೆ ಹೇಳಲೇಬೇಕು. ಹೆಸರು ‘ಗ್ರೆಸ್‌ಫರ್ಡ್’. 1934ರ ಸೆಪ್ಟೆಂಬರ್ 22ರ ನಸುಕಿನಲ್ಲಿ ವೇಲ್ಸ್‌ನ ಗ್ರೆಸ್‌ಫರ್ಡ್ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟವಾಯಿತು. 266 ಜನ ಸತ್ತರು. ಹೆಚ್ಚಿನವರ ದೇಹ ಇವತ್ತಿಗೂ ಅಲ್ಲೇ ಕೆಳಗಿದೆ. ಅವರಿಗಾಗಿ ಇದನ್ನು ಬರೆದವರು ರಾಬರ್ಟ್ ಸೇಂಟ್, ಈಶಾನ್ಯ ಇಂಗ್ಲೆಂಡಿನ ಹೆಬ್‌ಬರ್ನ್ ಊರಿನವರು, ತಾವೂ ಗಣಿಯಲ್ಲಿ ದುಡಿದವರು. ಇದಕ್ಕೆ ಪದಗಳಿಲ್ಲ. ಬ್ಯಾಂಡಿಗೆಂದೇ ಹುಟ್ಟಿದ ಪ್ರಾರ್ಥನೆ ಇದು.

ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಶನಿವಾರ ಅದೇ ಈಶಾನ್ಯ ಇಂಗ್ಲೆಂಡಿನ ಡರ್ಹಮ್‌ನಲ್ಲಿ ಗಣಿ ಕಾರ್ಮಿಕರ ದೊಡ್ಡ ಸಮಾವೇಶ. ಒಂದೊಂದು ಹಳ್ಳಿಯೂ ತನ್ನ ಬ್ಯಾನರ್ ಹಿಡಿದು, ಬ್ಯಾಂಡ್ ಸಮೇತ ಬರುತ್ತದೆ. ಈ ಸೀಮೆಯ ಕೊನೆಯ ಆಳದ ಗಣಿ 1993ರಲ್ಲೇ ಮುಚ್ಚಿತು. ಬ್ಯಾಂಡುಗಳು ಮಾತ್ರ ನಿಂತಿಲ್ಲ. ಬೆಳಗ್ಗೆಯೆಲ್ಲ ಮಾರ್ಚ್, ಸಿನಿಮಾ ಹಾಡು, ಕುಣಿತ. ಆಮೇಲೆ ಮೈದಾನದಲ್ಲಿ ‘ಗ್ರೆಸ್‌ಫರ್ಡ್’ ಶುರುವಾದರೆ ಜನ ಟೋಪಿ ತೆಗೆಯುತ್ತಾರೆ. ನನ್ನ ಪಕ್ಕದಲ್ಲಿದ್ದ ವಯಸ್ಸಾದವರೊಬ್ಬರು ಕಣ್ಣೀರು ಒರೆಸಿಕೊಳ್ಳಲೂ ಹೋಗಲಿಲ್ಲ. ನಾನೂ ಅತ್ತೆ.

ನಾನು ಕೆಜಿಎಫ್‌ನವನು. ತಾತ ಚಾಂಪಿಯನ್ ರೀಫ್ ಗಣಿಯಲ್ಲಿದ್ದರು. ನೆಲದಡಿ ಬಂಡೆ ಸಿಡಿದರೆ ಮೇಲೆ ಮನೆಯ ಪಾತ್ರೆಗಳು ಅಲುಗುತ್ತಿದ್ದವು, ಹೆಂಗಸರು ಗಣಿಗೆ ಇಳಿಯುವ ಶಾಫ್ಟ್ ಕಡೆ ಓಡುತ್ತಿದ್ದರು ಅಂತ ಅಜ್ಜಿ ಹೇಳುತ್ತಿದ್ದರು. 2001ರಲ್ಲಿ ಗಣಿ ಮುಚ್ಚಿತು. ಕೆಳಗೆ ಸತ್ತವರನ್ನು ನೆನೆಯಲು ಊರೆಲ್ಲ ಒಟ್ಟಿಗೆ ನಿಂತು ಕೇಳುವ ಒಂದು ರಾಗ ನಮಗೂ ಬೇಕಿತ್ತು ಅಂತ ಆ ಮೈದಾನದಲ್ಲಿ ಬಲವಾಗಿ ಅನ್ನಿಸಿತು. ನಮ್ಮೂರಲ್ಲಿ ತಮಿಳು, ತೆಲುಗು, ಕನ್ನಡ, ಉರ್ದು ಎಲ್ಲ ಇವೆ. ಚರ್ಚು, ದೇವಸ್ಥಾನ, ಮಸೀದಿ ಎಲ್ಲ ಇವೆ. ಪದಗಳಿಲ್ಲದ ಪ್ರಾರ್ಥನೆಯಾದರೆ ಯಾರೂ ಹೊರಗುಳಿಯಬೇಕಾಗಿಲ್ಲ, ಅಲ್ವಾ?

ಬ್ಯಾಂಡಿಗೆ ಸಂಗೀತ ಬರೆಯುವವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ನನಗೊಂದು ಸಾಲು ಬರೆಯಿರಿ. ಕೆಜಿಎಫ್‌ಗೆ ಒಂದು ಸ್ತೋತ್ರ ಮಾಡಿಸಬೇಕು. ಹಾರ್ನ್ ಭಾಗ ನುಡಿಸಲು ಮಗಳು ಆಗಲೇ ಒಪ್ಪಿದ್ದಾಳೆ.