ಫಾರಿನ್ ದುಡ್ಡು ಎಷ್ಟು ಬರ್ತದೆ ಟೀಚರೇ?

ಬಸ್ಸಿನಲ್ಲಿ ಕೇಳುತ್ತಾರೆ, ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ. ಮೊನ್ನೆ ಮೀನಿನ ಅಕ್ಕ ಬಂಗುಡೆ ಎಣಿಸಿ ಹಾಕುತ್ತಾ ಹಾಕುತ್ತಾ ಕೇಳಿದಳು: ‘ಟೀಚರೇ, ನಿಮ್ಮ ಚರ್ಚಿಗೆ ಫಾರಿನ್ ದುಡ್ಡು ಎಷ್ಟು ಬರ್ತದೆ?’

ನಾನು ಶಾಲೆಯಿಂದ ರಿಟೈರ್ ಆಗಿ ಒಂಬತ್ತು ವರ್ಷವಾಯಿತು. ಕಾಸರಗೋಡಿನ ಕುಂಬಳೆಯಿಂದ ಒಳಗೆ ಹೋಗುವ ಒಂದು ಸಣ್ಣ ಊರು ನಮ್ಮದು. ಚರ್ಚಿನ ಸೇವಾ ಕೆಲಸದ ಲೆಕ್ಕದ ಪುಸ್ತಕ ನನ್ನ ಹತ್ತಿರ ಇದೆ, ಹಾಗಾಗಿ ಉತ್ತರ ಹೇಳುವುದು ಸುಲಭ. ಕಳೆದ ವರ್ಷ ಸೊನ್ನೆ. ಅದರ ಹಿಂದಿನ ವರ್ಷವೂ ಸೊನ್ನೆ. ಆದರೆ ಸೊನ್ನೆ ಅಂದರೆ ಜನ ಒಂದು ನಗು ನಗುತ್ತಾರಲ್ಲ, ಆ ನಗುವಿಗೋಸ್ಕರ ಇಷ್ಟು ಬರೆಯುತ್ತಿದ್ದೇನೆ.

ಪ್ರಶ್ನೆ ತಪ್ಪು ಅಂತ ನಾನು ಹೇಳುವುದಿಲ್ಲ. ನಮ್ಮ ಕಡೆ ಮಿಶನ್ ಅಂದರೆ ಬಾಸೆಲ್ ಮಿಶನ್, ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಬಂದ ಕ್ರೈಸ್ತ ಸಂಸ್ಥೆ. 1834ರಲ್ಲಿ ಮೂವರು ಮಿಶನರಿಗಳು ಮಂಗಳೂರಿಗೆ ಬಂದಿಳಿದರು. ಕಾಸರಗೋಡು ಆಗ ಮಂಗಳೂರಿನ ಜತೆ ಒಂದೇ ಜಿಲ್ಲೆ, ನಾವು ಕೇರಳದವರಾದದ್ದು 1956ರಲ್ಲಿ. ಅವರು ಪ್ರೆಸ್ ಹಾಕಿದರು, ಮಗ್ಗ ಹಾಕಿದರು, 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ಇವತ್ತಿಗೂ ಹಳೆ ಮನೆ ಬಿಚ್ಚುವಾಗ ಹೆಂಚು ತಿರುಗಿಸಿ ನೋಡಿ, ಅಡಿಯಲ್ಲಿ ಅವರ ಹೆಸರು ಅಚ್ಚೊತ್ತಿರುತ್ತದೆ. ಇಷ್ಟೆಲ್ಲ ಕಣ್ಣೆದುರಿಗೆ ಇರುವಾಗ ದುಡ್ಡು ಕಡಲಾಚೆಯಿಂದ ಬರ್ತದೆ ಅಂತ ಜನ ತಿಳಿದರೆ ಆಶ್ಚರ್ಯ ಏನು?

ಆದರೆ ಕಾರ್ಖಾನೆ ಯಾಕೆ ಬಂತು ಅಂತ ಯಾರೂ ಕೇಳುವುದಿಲ್ಲ. ಕ್ರೈಸ್ತರಾದವರನ್ನು ಮನೆಯಿಂದ, ಜಾತಿಯಿಂದ ಹೊರಗೆ ಹಾಕುತ್ತಿದ್ದರು. ಮಾಡುತ್ತಿದ್ದ ಕಸುಬು ಹೋಗುತ್ತಿತ್ತು, ಉಳುತ್ತಿದ್ದ ಗದ್ದೆ ಹೋಗುತ್ತಿತ್ತು. ದಾನ ಕೊಟ್ಟು ಎಷ್ಟು ದಿನ ಸಾಕುವುದು? ದುಡಿದು ತಿನ್ನಲಿ ಅಂತ ಮಗ್ಗ ಬಂತು, ಹೆಂಚು ಬಂತು. ಅಂದರೆ ಆಗಲೇ ಬರೀ ಹೊರಗಿನ ಹಣದಲ್ಲಿ ಊರು ನಡೆಯುವುದಿಲ್ಲ ಅಂತ ಅವರಿಗೆ ಗೊತ್ತಾಗಿತ್ತು.

ಮೊದಲನೇ ಮಹಾಯುದ್ಧದ ಕತೆ ಇನ್ನೂ ಸ್ಪಷ್ಟ. 1914ರಲ್ಲಿ ಯುದ್ಧ ಶುರುವಾಯಿತು. ಬ್ರಿಟಿಷ್ ಸರ್ಕಾರ ಜರ್ಮನ್ ಮಿಶನರಿಗಳನ್ನು ಬಂಧನದಲ್ಲಿಟ್ಟಿತು, ಆಮೇಲೆ ವಾಪಸ್ ಕಳಿಸಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಅನ್ನುವ ಕಂಪನಿಯ ಪಾಲಾದವು. ಬಿಳಿ ಪಾದ್ರಿಗಳು ಇಲ್ಲ, ಕಾರ್ಖಾನೆಯೂ ಕೈಬಿಟ್ಟಿತು. ಆದರೂ ಭಾನುವಾರದ ಗಂಟೆ ನಿಲ್ಲಲಿಲ್ಲ. ಹೊಡೆಯುತ್ತಿದ್ದವರು ಇಲ್ಲಿಯವರೇ ಆಗಿದ್ದರಲ್ಲ!

ಈಗ ಕಾನೂನಿನ ವಿಷಯ, ಬೇಗ ಹೇಳಿ ಮುಗಿಸುತ್ತೇನೆ. ಹೊರದೇಶದ ದೇಣಿಗೆ ತೆಗೆದುಕೊಳ್ಳಬೇಕಾದರೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಬೇಕು. 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಹಾಗೆ ಪಡೆದ ಹಣವನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ದಾಟಿಸುವ ಹಾಗಿಲ್ಲ. ನಮ್ಮದು ನಲವತ್ತೆರಡು ಮನೆಯ ಸಭೆ. ನಮ್ಮ ಹೆಸರಲ್ಲಿ ನೋಂದಣಿ ಇಲ್ಲ. ಹಾಗಾಗಿ ಆ ದಾರಿಯೇ ಬಂದ್.

ದುಡ್ಡಲ್ಲ, ಸಾಮಾನು ಒಂದು ಸಲ ಬಂದಿತ್ತು. ಈ ತಿದ್ದುಪಡಿಗೆಲ್ಲ ಮೊದಲು. ಅದನ್ನು ಹೇಳಲೇಬೇಕು.

ಆಗ ನಾವು ಮಲಗಿದಲ್ಲೇ ಇರುವ ರೋಗಿಗಳ ಮನೆಗೆ ಹೋಗಲು ಶುರು ಮಾಡಿದ್ದೆವು. ನಮ್ಮ ಜಿಲ್ಲೆಯಲ್ಲಿ ಅಂಥ ಮನೆಗಳಿಗೆ ಕಮ್ಮಿ ಇಲ್ಲ. ಗೇರು ತೋಟಗಳ ಮೇಲೆ ಎರಡು ದಶಕಕ್ಕಿಂತ ಜಾಸ್ತಿ ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದ ಊರುಗಳು ಇವು. ಹೊರದೇಶದ ಒಂದು ತಂಡಕ್ಕೆ ಇದು ಗೊತ್ತಾಗಿ, ಒಂದು ದೊಡ್ಡ ಸಂಸ್ಥೆಯ ಮೂಲಕ ಆರು ವೀಲ್‌ಚೇರ್ ಕಳಿಸಿದರು. ಒಳ್ಳೆ ಮನಸ್ಸಿನ ಜನ. ತಾವೇ ಬಂದು ಕೊಟ್ಟರು, ಫೋಟೋ ಆಯಿತು, ನೀರುದೋಸೆ ಕೋಳಿಸಾರು ಆಯಿತು.

ಒಬ್ಬ ಹುಡುಗನ ಮನೆ ಗುಡ್ಡೆಯ ಬುಡದಲ್ಲಿ. ಮಾರ್ಗದಿಂದ ಇಳಿಯಲು ಕೆಂಪುಕಲ್ಲಿನ ಮೂವತ್ತೊಂದು ಮೆಟ್ಟಿಲು, ನಾನು ಎಣಿಸಿದ್ದೇನೆ. ಮೆಟ್ಟಿಲು ಮುಗಿದ ಮೇಲೆ ಅಡಿಕೆ ತೋಟದ ನಡುವೆ ಒಂದಡಿ ಅಗಲದ ಕಾಲುದಾರಿ, ಆಮೇಲೆ ತೋಡಿಗೆ ಎರಡು ಅಡಿಕೆ ಮರ ಅಡ್ಡ ಹಾಕಿದ ಸಂಕ. ಅವನ ಅಮ್ಮ ಅವನನ್ನು ಸೊಂಟದ ಮೇಲೆ ಎತ್ತಿಕೊಂಡೇ ಈ ಸಂಕ ದಾಟುತ್ತಿದ್ದಳು, ಅವನಿಗೆ ಹದಿನಾಲ್ಕು ವರ್ಷ ಆಗುವವರೆಗೆ. ಈಗ ಹೇಳಿ, ಅಲ್ಲಿಗೆ ವೀಲ್‌ಚೇರ್ ಕೊಂಡುಹೋಗಿ ಏನು ಮಾಡುವುದು? ಜಗಲಿಯಲ್ಲಿ ಇಟ್ಟರು. ಮಳೆಗಾಲ ಕಳೆಯುವಾಗ ಅದರ ಮೇಲೆ ಅಡಿಕೆ ಹಾಳೆ ಒಣಗಲು ಹಾಕಿತ್ತು. ಆರರಲ್ಲಿ ನಾಲ್ಕಕ್ಕೆ ಇದೇ ಗತಿ.

ತಪ್ಪು ಅವರದ್ದು ಮಾತ್ರ ಅಲ್ಲ. ‘ಏನು ಬೇಕು’ ಅಂತ ಅವರು ಪತ್ರ ಬರೆದಿದ್ದರು. ನಾವು ಊರಲ್ಲಿ ಯಾರನ್ನೂ ಕೇಳದೆ, ಚರ್ಚಿನ ಹಾಲ್‌ನಲ್ಲಿ ಕೂತು, ಕೊಡುವವರಿಗೆ ಏನು ಇಷ್ಟವಾಗಬಹುದು ಅಂತ ಯೋಚಿಸಿ ಬರೆದೆವು. ಪತ್ರದ ಅಕ್ಷರ ನನ್ನದೇ. ಆಮೇಲೆ ಆ ಅಮ್ಮನನ್ನೇ ಕೇಳಿದೆ. ಅವಳಿಗೆ ಬೇಕಾಗಿದ್ದದ್ದು ದಾರಿ. ‘ರಿಕ್ಷಾ ಮನೆ ಹತ್ತಿರ ಬಂದರೆ ಸಾಕು ಟೀಚರೇ, ಮತ್ತೆಲ್ಲ ನಾನು ನೋಡಿಕೊಳ್ತೇನೆ’ ಅಂದಳು.

ದಾರಿ ಆಗಬೇಕಾದರೆ ಮೆಟ್ಟಿಲಿನ ಕಡೆ ಬಿಟ್ಟು ಪಕ್ಕದ ತೋಟದಿಂದ ಸುತ್ತಿ ಬರಬೇಕು. ಆ ತೋಟ ಒಬ್ಬರು ಬ್ಯಾರಿ ಮುಸ್ಲಿಂ ಹಿರಿಯರದ್ದು, ಊರಿಗೆಲ್ಲ ಅವರು ಇಚ್ಚ. ನಾನು ಮತ್ತು ನಮ್ಮ ಸಭಾಪಾಲಕರು (ಪಾದ್ರಿಗಳು) ಹೋದೆವು. ಚಾ ಕೊಟ್ಟರು. ಅರ್ಧ ಗಂಟೆ ಅಡಿಕೆ ರೇಟು, ಕೊಳೆರೋಗ ಇದೇ ಮಾತು. ಕೊನೆಗೆ ಅವರೇ, ‘ಏಳು ಮರ ಹೋಗ್ತದೆ, ಅಲ್ವಾ?’ ಅಂದರು. ಹೌದು ಅಂದೆ. ‘ಹೋಗಲಿ, ಆದರೆ ಮಳೆಗೆ ಮೊದಲು ಮುಗಿಸಿ’ ಅಂದರು. ಅಷ್ಟೇ.

ಮುಂದಿನ ಕೆಲಸ ಯುವಕ ಮಂಡಲದ ಹುಡುಗರದ್ದು. ನಾಲ್ಕು ಭಾನುವಾರ ಶ್ರಮದಾನ. ನಮ್ಮ ಹುಡುಗರು ಆರಾಧನೆ ಮುಗಿಸಿ ಹಾರೆ ಹಿಡಿದು ಹೋಗುತ್ತಿದ್ದರು. ಒಂದು ಭಾನುವಾರ ಸಭಾಪಾಲಕರು ಆರಾಧನೆಯ ಪ್ರಸಂಗವನ್ನೇ (ಉಪದೇಶವನ್ನೇ) ಅರ್ಧಕ್ಕೆ ನಿಲ್ಲಿಸಿ, ‘ಬಾಕಿ ಅಲ್ಲಿ’ ಅಂತ ಲುಂಗಿ ಕಟ್ಟಲು ಹೊರಟರು. (ನನಗೆ ಆ ಪ್ರಸಂಗವೇ ಜಾಸ್ತಿ ನೆನಪಿದೆ.) ಮೋರಿಯ ಪೈಪು ಮಾತ್ರ ಪಂಚಾಯತಿನಿಂದ. ಆ ವೀಲ್‌ಚೇರ್ ಜಗಲಿಯಿಂದ ಇಳಿದದ್ದು ಆಗಲೇ.

ಆಮೇಲೆ ನಾವು ನಮ್ಮದೇ ಬೋರ್ಡ್ ಹಾಕಿಕೊಂಡು ಬೇರೆ ಯೋಜನೆ ಮಾಡುವುದನ್ನೇ ಬಿಟ್ಟೆವು. ಕೇರಳದಲ್ಲಿ 2008ರಿಂದ ಪಾಲಿಯೇಟಿವ್ ಆರೈಕೆಗೆ, ಅಂದರೆ ವಾಸಿಯಾಗದ ರೋಗಿಗಳ ನೋವು ತಗ್ಗಿಸುವ ಆರೈಕೆಗೆ, ಸರ್ಕಾರದ ನೀತಿಯೇ ಇದೆ, ಪಂಚಾಯತಿನ ನರ್ಸ್ ಮನೆಮನೆಗೆ ಬರುತ್ತಾರೆ. ಅವರ ಜತೆ ಹೋಗುವುದು ನಮ್ಮ ಕೆಲಸ. ನಮ್ಮಿಂದ ಏನು ಉಪಯೋಗ ಅಂತ ಕೇಳಿದರೆ, ಮುಖ್ಯವಾಗಿ ಭಾಷೆ. ನರ್ಸ್ ಮಲಯಾಳಂನವರು. ಅಜ್ಜಿಗೆ ಬರುವುದು ತುಳು. ಫಾರಂ ಹೆಚ್ಚಾಗಿ ಮಲಯಾಳದಲ್ಲಿ. ಮಗನಿಗೆ ಓದಲು ಬರುವುದು ಕನ್ನಡ. ‘ನೋವು ಹೇಗಿದೆ’ ಅಂತ ನರ್ಸ್ ಕೇಳಿದರೆ ಅಜ್ಜಿ ತಲೆ ಅಲ್ಲಾಡಿಸಿ ಸುಮ್ನೆ ಇರುತ್ತಾರೆ. ತುಳುವಿನಲ್ಲಿ ಕೇಳಿದರೆ, ಕುತ್ತಿದ ಹಾಗೋ, ಉರಿಯೋ, ಜೋಮು ಹಿಡಿದದ್ದೋ, ಎಲ್ಲ ಬಿಡಿಸಿ ಹೇಳುತ್ತಾರೆ. ಮಾತ್ರೆ ಅದರ ಮೇಲೆ ಬದಲಾಗುತ್ತದೆ. ಹಳೆ ಮಿಶನರಿಗಳು ಬಂದು ಮೊದಲು ಮಾಡಿದ್ದೂ ಇದನ್ನೇ ಅಲ್ವಾ? 1847ರಲ್ಲಿ ತುಳುವಿನಲ್ಲಿ ಹೊಸ ಒಡಂಬಡಿಕೆ ಅಚ್ಚಾಯಿತು, ಕನ್ನಡ ಲಿಪಿಯಲ್ಲಿ. ಅದೇ ಮಿಶನಿನ ಗುಂಡರ್ಟರ ಮಲಯಾಳ ನಿಘಂಟು 1872ರದ್ದು, ಮ್ಯಾನರ್ ಅವರ ತುಳು ನಿಘಂಟು 1886ರದ್ದು, ಕಿಟೆಲ್ ಅವರ ಕನ್ನಡ ನಿಘಂಟು 1894ರದ್ದು. ನಮ್ಮ ಊರಿನ ಒಂದು ಮನೆಯ ಜಗಲಿಯಲ್ಲಿ ಕೂತು ರೋಗಿಯ ಮಾತು ಕೇಳಲು ಈ ಮೂರೂ ಬೇಕಾಗುತ್ತದೆ! ಆ ಪದಗಳನ್ನೆಲ್ಲ ಹೇಳಿಕೊಟ್ಟವರು ಊರಿನವರೇ, ಅವರ ಹೆಸರು ಮುಖಪುಟದಲ್ಲಿ ಇಲ್ಲ ಅಷ್ಟೇ.

ಸರಿ, ಖರ್ಚಿಗೆ ದುಡ್ಡು ಎಲ್ಲಿಂದ? ಹೆಂಗಸರ ಕೂಟದವರು ಅನ್ನಕ್ಕೆ ಇಡುವಾಗ ಒಂದು ಹಿಡಿ ಅಕ್ಕಿ ಡಬ್ಬಕ್ಕೆ ಹಾಕುತ್ತಾರೆ. ತಿಂಗಳ ಕೊನೆಗೆ ಅದನ್ನು ತಂದು ಅಳೆದು ಮಾರುತ್ತೇವೆ, ಕೆಲವು ಮನೆಗೆ ಅಕ್ಕಿಯೇ ಹೋಗುತ್ತದೆ. ದೊಡ್ಡ ಮೊತ್ತ ಬರುವುದು ಬೆಳೆ ಹಬ್ಬದ ಏಲಂನಲ್ಲಿ. ಕಳೆದ ಸಲ ಒಂದು ಚೀನಿಕಾಯಿಯನ್ನು ರಿಕ್ಷಾ ಓಡಿಸುವ ಹುಡುಗ 300ಕ್ಕೆ ಹಿಡಿದ, ಹಿಡಿದವನು ಅಲ್ಲೇ ವಾಪಸ್ ಕೊಟ್ಟ. ಮತ್ತೆ ಕೂಗಿದರು, ಮತ್ತೆ ವಾಪಸ್. ಒಂದೇ ಚೀನಿಕಾಯಿ ಐದು ಸಲ ಮಾರಾಟವಾಗಿ 1,850 ರೂಪಾಯಿ ಆಯಿತು. ಕೊನೆಗೆ ಅದು ಯಾರ ಮನೆಯ ಸಾಂಬಾರಿಗೆ ಹೋಯಿತೋ ಗೊತ್ತಿಲ್ಲ. ಏಲಂಗೆ ಊರವರೆಲ್ಲ ಬರುತ್ತಾರೆ. ಇಚ್ಚ ಪ್ರತಿ ವರ್ಷ ಒಂದು ನೇಂದ್ರ ಗೊನೆ ಕಳಿಸುತ್ತಾರೆ, ಅವರ ಮಗನೇ ಬಂದು ಅದನ್ನು ರೇಟು ಏರಿಸಿ ಹಿಡಿಯುತ್ತಾನೆ.

ದುಡ್ಡಿನ ಪ್ರಶ್ನೆಯ ಹಿಂದೆಯೇ ಇನ್ನೊಂದು ಇರುತ್ತದೆ, ಸ್ವಲ್ಪ ಸ್ವರ ತಗ್ಗಿಸಿ ಕೇಳುತ್ತಾರೆ: ಹಾಗಾದರೆ ಇದೆಲ್ಲ ಮತಾಂತರಕ್ಕಾ? ಬಾಸೆಲ್‌ನಿಂದ ಬಂದವರು ಅದಕ್ಕೇ ಬಂದರು, ಮುಚ್ಚಿಡುವಂಥದ್ದೇನೂ ಇಲ್ಲ. ನಾನೂ ನನ್ನ ನಂಬಿಕೆಯನ್ನು ಮುಚ್ಚಿಡುವವಳಲ್ಲ. ಆದರೆ ಮಲಗಿರುವವರ ಮಂಚದ ಹತ್ತಿರ ನಿಂತು ಅಂಥ ಮಾತು ತೆಗೆಯುವುದು ನನಗೆ ಹೇಸಿಗೆ. ಪ್ರಾರ್ಥನೆ ಮಾಡಿ ಅಂತ ಅವರೇ ಕೇಳಿದರೆ ಮಾಡುತ್ತೇನೆ. ಒಂದು ಮನೆಯಲ್ಲಿ ನಾನು ಪ್ರಾರ್ಥನೆ ಮುಗಿಸಿ ಕಣ್ಣು ಬಿಡುವಾಗ ಅಜ್ಜಿ ನನ್ನ ಹಣೆಗೆ ಭೂತಸ್ಥಾನದ ಗಂಧ ಹಚ್ಚಲು ಕೈ ಎತ್ತಿದ್ದರು. ನಾನು ಕೈ ಹಿಡಿದುಕೊಂಡೆ, ಇಬ್ಬರೂ ನಕ್ಕೆವು.

ಮೀನಿನ ಅಕ್ಕನಿಗೆ ಇಷ್ಟೆಲ್ಲ ಹೇಳಲು ಆಗಲಿಲ್ಲ, ಬಿಸಿಲು ಏರುತ್ತಿತ್ತು. ‘ಸೊನ್ನೆ’ ಅಂದೆ. ಅವಳು ನಗಲಿಲ್ಲ. ‘ಹಾಗಾದ್ರೆ ನಮ್ಮ ಅತ್ತೆಯ ಹೆಸರೂ ಬರ್ಕೊಳ್ಳಿ, ಬಚ್ಚಲಲ್ಲಿ ಬಿದ್ದು ಎರಡು ತಿಂಗಳಾಯ್ತು’ ಅಂದಳು. ಬರೆದುಕೊಂಡಿದ್ದೇನೆ. ಗುರುವಾರ ನರ್ಸ್ ಬರುತ್ತಾರೆ. ಅವಳ ಮನೆಯ ಹತ್ತಿರವೂ ಒಂದು ಸಂಕ ಇದೆಯಂತೆ.