ಬೋಟಿನ ಬೆಳಕು ಹೆಚ್ಚಾದಷ್ಟೂ ಬೋಟಿನ ದಿಕ್ಕು ಮರೆಯಾಗುತ್ತದೆ

ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಮಲ್ಪೆ ಬಂದರಿನಲ್ಲಿ ನಡೆಯುವ ದುರಸ್ತಿ ಕೆಲಸವನ್ನು ನೋಡಿದವರಿಗೆ, ಬೋಟಿನ ಮಾಲೀಕರು ಯಾವುದಕ್ಕೆ ಎಷ್ಟು ಶ್ರದ್ಧೆ ವಹಿಸುತ್ತಾರೆ ಎಂಬುದು ಗೊತ್ತಿರುತ್ತದೆ. ಎಂಜಿನ್ ಬಿಚ್ಚಿ ಜೋಡಿಸುತ್ತಾರೆ, ಕೊಳೆತ ಹಲಗೆ ತೆಗೆದು ಹೊಸದನ್ನು ಹಾಕುತ್ತಾರೆ, ಬಲೆ ಹೆಣೆಸುತ್ತಾರೆ, ಬಣ್ಣ ಬಳಿಸುತ್ತಾರೆ. ಆದರೆ ಕ್ಯಾಬಿನ್ನಿನ ಎರಡು ಪಕ್ಕಗಳಲ್ಲಿರುವ ಕೆಂಪು ಮತ್ತು ಹಸಿರು ದೀಪಗಳನ್ನು, ಉರಿಯುತ್ತವೆಯೇ ಎಂದು ಒಮ್ಮೆ ಸ್ವಿಚ್ ಒತ್ತಿ ನೋಡುವುದಕ್ಕಿಂತ ಹೆಚ್ಚಾಗಿ ಯಾರಾದರೂ ಪರೀಕ್ಷಿಸುವುದನ್ನು ನಾನು ಕಂಡದ್ದು ಬಹಳ ಕಡಿಮೆ. ನಾನು ವ್ಯಾಪಾರಿ ಹಡಗುಗಳ ಚಾಲನಾ ಕೋಣೆಯಾದ ಬ್ರಿಡ್ಜ್‌ನಲ್ಲಿ ರಾತ್ರಿ 12ರಿಂದ 4ರವರೆಗಿನ ವಾಚ್, ಅಂದರೆ ಕಾವಲಿನ ಪಾಳಿ, ಮಾಡಿದವನು. ನನ್ನ ಕುಟುಂಬದಲ್ಲಿ ಬೋಟಿಗೆ ಹೋಗುವವರೂ ಇದ್ದಾರೆ. ಹಡಗಿನವನ ಆತಂಕವೂ ಬೋಟು ನಡೆಸುವ ತಾಂಡೇಲನ ಆತಂಕವೂ ನನಗೆ ಗೊತ್ತಿರುವುದರಿಂದ ಈ ದೀಪಗಳ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕೆನಿಸಿದೆ.

ಕಡಲಿನಲ್ಲಿ ರಸ್ತೆಯಿಲ್ಲ, ರಸ್ತೆಯ ನಡುವಿನ ಗೆರೆಯಿಲ್ಲ, ಕತ್ತಲೆಯಲ್ಲಿ ಎದುರಿನ ಹಡಗಿನ ಆಕಾರವೂ ಕಾಣುವುದಿಲ್ಲ. ಕಾಣುವುದು ದೀಪ ಮಾತ್ರ. ಆದ್ದರಿಂದ ಯಾವ ದೀಪ ಯಾವ ಕೋನದಿಂದ ಕಾಣಬೇಕು, ಯಾವ ಕೋನದಿಂದ ಕಾಣಬಾರದು ಎಂಬುದನ್ನು ಅರ್ಧ ಡಿಗ್ರಿಯ ಲೆಕ್ಕದವರೆಗೆ ಗೊತ್ತುಮಾಡಿದ್ದಾರೆ. ಉಗಿಹಡಗುಗಳು ಬದಿಗಳಲ್ಲಿ ಕೆಂಪು ಮತ್ತು ಹಸಿರು ದೀಪ ಹಚ್ಚಬೇಕೆಂದು ಬ್ರಿಟನ್ 1848ರಲ್ಲೇ ಕಡ್ಡಾಯ ಮಾಡಿತ್ತು. ಇಂದು ಎಲ್ಲ ದೇಶಗಳ ಹಡಗುಗಳೂ ಪಾಲಿಸುವುದು 1972ರಲ್ಲಿ ಒಪ್ಪಿಗೆಯಾಗಿ 1977ರ ಜುಲೈ 15ರಂದು ಜಾರಿಗೆ ಬಂದ ಡಿಕ್ಕಿ ತಡೆಯುವ ಅಂತರರಾಷ್ಟ್ರೀಯ ನಿಯಮಗಳನ್ನು. ಅವು ದೊಡ್ಡ ಹಡಗುಗಳಿಗೆ ಮಾತ್ರ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಹಾಗಲ್ಲ, ಹುಟ್ಟು ಹಾಕುವ ದೋಣಿಗೂ ಅವುಗಳಲ್ಲಿ ಮಾತಿದೆ: ಅಂಥ ದೋಣಿಯವನು ಕನಿಷ್ಠ ಒಂದು ಬಿಳಿ ಬೆಳಕಿನ ಟಾರ್ಚನ್ನೋ ಲಾಟೀನನ್ನೋ ಕೈಗೆ ಸಿಗುವಂತೆ ಇಟ್ಟುಕೊಂಡು, ಡಿಕ್ಕಿ ತಪ್ಪಿಸುವಷ್ಟು ಮುಂಚಿತವಾಗಿ ತೋರಿಸಬೇಕು.

ಎಂಜಿನ್ನಿನಿಂದ ಸಾಗುವ ಹಡಗಿಗೆ ಎಡಬದಿಯಲ್ಲಿ ಕೆಂಪು, ಬಲಬದಿಯಲ್ಲಿ ಹಸಿರು ದೀಪ. ಎರಡೂ ನೇರ ಮುಂದಿನಿಂದ ಆರಂಭವಾಗಿ ತಮ್ಮ ತಮ್ಮ ಬದಿಗೆ 112.5 ಡಿಗ್ರಿಯಷ್ಟು ಮಾತ್ರ ಬೆಳಕು ಚೆಲ್ಲಬೇಕು. ಕಂಬದ ಮೇಲಿನ ಬಿಳಿ ದೀಪ ಆ ಎರಡೂ ಕೋನಗಳನ್ನು ಸೇರಿಸಿ 225 ಡಿಗ್ರಿ ಕಾಣಬೇಕು. ಉಳಿದ 135 ಡಿಗ್ರಿಗೆ ಹಿಂಭಾಗದ ಬಿಳಿ ದೀಪ. ಒಟ್ಟು 360. ಹಡಗು 50 ಮೀಟರ್ ಅಥವಾ ಅದಕ್ಕಿಂತ ಉದ್ದವಾಗಿದ್ದರೆ ಹಿಂದಕ್ಕೆ ಮತ್ತು ಮೊದಲಿನದಕ್ಕಿಂತ ಎತ್ತರದಲ್ಲಿ ಇನ್ನೊಂದು ಕಂಬದ ದೀಪವೂ ಬೇಕು. ಆ ಎರಡು ದೀಪಗಳಲ್ಲಿ ತಗ್ಗಿನದು ಯಾವ ಕಡೆಗಿದೆಯೋ ಹಡಗಿನ ಮೂತಿ ಆ ಕಡೆಗಿದೆ ಎಂದು ಮೈಲುಗಳ ದೂರದಿಂದಲೇ ಹೇಳಬಹುದು. ನನ್ನ ಬಲಗಡೆಯಲ್ಲಿ ಒಂದು ಕೆಂಪು ದೀಪ ಕಂಡರೆ, ಅದು ಬಲದಿಂದ ಎಡಕ್ಕೆ ನನ್ನ ದಾರಿಯನ್ನು ದಾಟುತ್ತಿದೆ, ದಾರಿ ಬಿಡಬೇಕಾದವನು ನಾನು. ಎಡಗಡೆಯಲ್ಲಿ ಹಸಿರು ಕಂಡರೆ ದಾರಿ ಬಿಡಬೇಕಾದವನು ಅವನು. ಕೆಂಪು, ಹಸಿರು ಎರಡೂ ಒಟ್ಟಿಗೆ ನೇರ ಮುಂದೆ ಕಂಡರೆ ನಾವಿಬ್ಬರೂ ಮುಖಾಮುಖಿಯಾಗಿದ್ದೇವೆ, ಇಬ್ಬರೂ ಬಲಕ್ಕೆ ತಿರುಗಬೇಕು. ಸಾಗುತ್ತಿರುವ ಹಡಗಿನ ಒಂದೇ ಬಿಳಿ ದೀಪ ಕಂಡರೆ ನಾನು ಅವನ ಹಿಂದಿನಿಂದ ಬರುತ್ತಿದ್ದೇನೆ. ಇಷ್ಟನ್ನು ಓದಲು ವಯರ್‌ಲೆಸ್ ಬೇಡ, ಭಾಷೆಯೂ ಬೇಡ.

ಈಗ ಸೆಪ್ಟೆಂಬರ್ ತಿಂಗಳ ಒಂದು ರಾತ್ರಿ ಪಣಂಬೂರಿನ ನವಮಂಗಳೂರು ಬಂದರಿಗೆ ಬರುವ ಹಡಗಿನ ಬ್ರಿಡ್ಜ್‌ನಿಂದ ಏನು ಕಾಣುತ್ತದೆ ಎಂಬುದನ್ನು ಹೇಳುತ್ತೇನೆ. ಬ್ರಿಡ್ಜ್‌ನ ಒಳಗೆ ಕತ್ತಲೆಯಿರುತ್ತದೆ. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಬೇಕಾಗುವುದರಿಂದ ನಕ್ಷೆಯ ಮೇಜಿನ ಸುತ್ತ ಪರದೆ ಎಳೆದಿರುತ್ತೇವೆ, ರೇಡಾರಿನ ಪರದೆಯ ಹೊಳಪನ್ನೂ ತಗ್ಗಿಸಿರುತ್ತೇವೆ. ಆ ಕತ್ತಲೆಯಲ್ಲಿ ನಿಂತು ದುರ್ಬೀನು ಹಿಡಿದರೆ ಮುಂದೆ ಕಡಲಿನ ಮೇಲೆ ಒಂದು ಜಾತ್ರೆ ನೆರೆದ ಹಾಗೆ ಬೆಳಕು. ನೂರಾರು ಬೋಟುಗಳು, ಎಲ್ಲವೂ ಬಿಳಿ. ಡೆಕ್ಕಿನ ಮೇಲೆ ಬಲೆ ಎಳೆಯಲು, ಮೀನು ಆರಿಸಲು ಹಚ್ಚಿದ ಫ್ಲಡ್‌ಲೈಟುಗಳು ನಾಲ್ಕೂ ದಿಕ್ಕಿಗೆ ತಿರುಗಿರುತ್ತವೆ. ಅವುಗಳ ನಡುವೆ ಎಲ್ಲೋ ಒಂದು ಕಡೆ ಕೆಂಪೋ ಹಸಿರೋ ಇದ್ದಿರಬಹುದು, ಆದರೆ ಆ ಬಿಳಿ ಬೆಳಕಿನ ಪಕ್ಕದಲ್ಲಿ ಅದು ಕಣ್ಣಿಗೆ ಬೀಳುವುದೇ ಇಲ್ಲ. ಬೋಟು ಇದೆ ಎಂಬುದು ಹತ್ತು ಮೈಲಿನಿಂದಲೇ ಗೊತ್ತಾಗುತ್ತದೆ. ಅದು ನನ್ನ ಕಡೆಗೆ ಬರುತ್ತಿದೆಯೋ, ನನ್ನಿಂದ ದೂರ ಹೋಗುತ್ತಿದೆಯೋ, ಬಲೆ ಎಳೆಯುತ್ತಿದೆಯೋ, ಎಳೆಯುತ್ತಿದ್ದರೆ ಬಲೆ ಯಾವ ಕಡೆಗಿದೆಯೋ ಒಂದೂ ಗೊತ್ತಾಗುವುದಿಲ್ಲ. ಆಗ ಉಳಿಯುವುದು ದಿಕ್ಸೂಚಿ ಮತ್ತು ರೇಡಾರ್: ಆ ಬೆಳಕು ಇರುವ ಕೋನ ಬದಲಾಗದೆ ದೂರ ಮಾತ್ರ ಕಡಿಮೆಯಾಗುತ್ತಿದ್ದರೆ ಡಿಕ್ಕಿಯ ಅಪಾಯವಿದೆ ಎಂದರ್ಥ. ಒಂದು ಬೋಟಿಗಾದರೆ ಈ ಲೆಕ್ಕ ಸುಲಭ. ಮೂವತ್ತು ಬೋಟುಗಳಿಗೆ ಒಟ್ಟಿಗೆ ಮಾಡುವುದು, ಅದರಲ್ಲೂ ಮರದ ಬೋಟುಗಳು ಅಲೆಯ ಏರಿಳಿತದ ನಡುವೆ ರೇಡಾರಿನಲ್ಲಿ ಒಮ್ಮೆ ಕಂಡು ಒಮ್ಮೆ ಮರೆಯಾಗುತ್ತಿರುವಾಗ, ಎಷ್ಟು ಕಷ್ಟವೆಂಬುದನ್ನು ಮಾಡಿದವರೇ ಬಲ್ಲರು.

ಈ ಮಾತನ್ನು ಮಲ್ಪೆಯ ಧಕ್ಕೆಯಲ್ಲಿ ಆಳಸಮುದ್ರದ ಬೋಟಿನ ತಾಂಡೇಲರೊಬ್ಬರಿಗೆ ಹೇಳಿದಾಗ ಅವರು ಒಪ್ಪಲಿಲ್ಲ. "ಹಡಗಿನವರಿಗೆ ನಾವು ಕಾಣಬೇಕಲ್ಲ ಮಾರಾಯ್ರೆ? ಲೈಟ್ ಕಮ್ಮಿ ಮಾಡಿದರೆ ಮೇಲೆಯೇ ಹತ್ತಿಸಿಕೊಂಡು ಹೋಗ್ತಾರೆ. ಹುಡುಗರು ಮೀನು ಆರಿಸುವುದು ಕತ್ತಲೆಯಲ್ಲಾ?" ಎಂದು ಕೇಳಿದರು. ಅವರ ಮಾತನ್ನು ತಳ್ಳಿಹಾಕುವಂತಿಲ್ಲ, ಏಕೆಂದರೆ ಕೆಲಸಕ್ಕೆ ಬೆಳಕು ಬೇಕೇ ಬೇಕು, ಡೆಕ್ಕಿನಲ್ಲಿ ಕತ್ತಲೆಯಿದ್ದರೆ ಕಲಾಸಿಗಳ (ಬೋಟಿನ ಕೆಲಸಗಾರರ) ಕೈಬೆರಳು ಬಲೆ ಎಳೆಯುವ ವಿಂಚಿಗೆ ಸಿಗುತ್ತದೆ. ನಿಯಮವೂ ಕೆಲಸದ ದೀಪವನ್ನು ಪೂರ್ತಿ ನಿಷೇಧಿಸಿಲ್ಲ. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ನಿಯಮದ ದೀಪಗಳು ಉರಿಯಬೇಕು; ಬೇರೆ ಯಾವ ದೀಪವೂ ಅವುಗಳೆಂದು ತಪ್ಪಾಗಿ ಕಾಣಬಾರದು, ಅವುಗಳನ್ನು ಮಂಕು ಮಾಡಬಾರದು, ಕಾವಲಿಗೆ ನಿಂತವನ ಕಣ್ಣಿಗೆ ಅಡ್ಡಿಯಾಗಬಾರದು ಎಂದಷ್ಟೇ ಇಪ್ಪತ್ತನೆಯ ನಿಯಮ ಹೇಳುತ್ತದೆ. ಈ ಕೊನೆಯದು ತಾಂಡೇಲರಿಗೇ ಹೆಚ್ಚು ಮುಖ್ಯ. ಎದುರಿಗೆ ಫ್ಲಡ್‌ಲೈಟ್ ಇಟ್ಟುಕೊಂಡು ಕ್ಯಾಬಿನ್ನಿನಿಂದ ಹೊರಗೆ ನೋಡುವವನಿಗೆ ತನ್ನ ಡೆಕ್ಕು ಮಾತ್ರ ಹಗಲಿನಂತೆ ಕಾಣುತ್ತದೆ, ಅದರಾಚೆಗೆ ಕಪ್ಪು ಗೋಡೆ. ಆ ಗೋಡೆಯ ಹಿಂದಿನಿಂದ ಬರುವ ಹಡಗು ಅವನಿಗೆ ಕಾಣುವುದು ತೀರಾ ಹತ್ತಿರ ಬಂದ ಮೇಲೆ. ಫ್ಲಡ್‌ಲೈಟುಗಳ ಮೂತಿಯನ್ನು ಕೆಳಕ್ಕೆ, ಡೆಕ್ಕಿನ ಕಡೆಗೇ ತಿರುಗಿಸಿ, ಮೇಲೆ ಮತ್ತು ಬದಿಗೆ ತಗಡಿನ ಮರೆ ಕಟ್ಟಿದರೆ ಕೆಲಸವೂ ಸಾಗುತ್ತದೆ, ಕೆಂಪು ಹಸಿರು ದೀಪಗಳೂ ಕಾಣುತ್ತವೆ. ಮೀನನ್ನು ಸೆಳೆಯಲು ಎಲ್‌ಇಡಿ ಬೆಳಕು ಹಾಕುವ ಲೈಟ್ ಫಿಶಿಂಗ್ ಬೇರೆಯೇ ವಿಷಯ; ಅದನ್ನು ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲೇ ನಿಷೇಧಿಸಿದೆ.

ಪಣಂಬೂರು ಅಥವಾ ತಣ್ಣೀರುಬಾವಿಯ ಕಡಲತೀರದಲ್ಲಿ ಸಂಜೆ ನಿಂತವರು, ದೂರದಲ್ಲಿ ದೊಡ್ಡ ಹಡಗುಗಳೇ ಮೈತುಂಬ ದೀಪ ಹಚ್ಚಿಕೊಂಡಿರುತ್ತವಲ್ಲ ಎಂದು ಕೇಳಬಹುದು. ಅವು ಲಂಗರು ಹಾಕಿ ಬಂದರಿನ ಸರದಿಗಾಗಿ ಕಾಯುತ್ತಿರುವ ಹಡಗುಗಳು. 100 ಮೀಟರ್ ಅಥವಾ ಅದಕ್ಕೂ ಉದ್ದದ ಹಡಗು ಲಂಗರು ಹಾಕಿದಾಗ ಡೆಕ್ಕಿನ ದೀಪಗಳನ್ನು ಹಚ್ಚಲೇಬೇಕೆಂಬ ನಿಯಮವಿದೆ. ಲಂಗರು ಎತ್ತಿದೊಡನೆ ಅವನ್ನೆಲ್ಲ ಆರಿಸುತ್ತಾರೆ.

ಮೀನುಗಾರಿಕೆಯ ಬೋಟುಗಳಿಗೆ ಪ್ರತ್ಯೇಕವಾದ ದೀಪಗಳಿವೆ. ನಮ್ಮ ಕರಾವಳಿಯಲ್ಲಿ ಇವುಗಳಷ್ಟು ಉಪಯುಕ್ತವಾದದ್ದು ಬೇರೊಂದಿಲ್ಲವೆಂದು ನನ್ನ ಅಭಿಪ್ರಾಯ. ಟ್ರಾಲ್ ಬಲೆ (ಬೋಟಿನ ಹಿಂದೆ ನೀರಿನಲ್ಲಿ ಎಳೆದೊಯ್ಯುವ ಚೀಲದಂಥ ಬಲೆ) ಎಳೆಯುವ ಬೋಟು ಒಂದರ ಕೆಳಗೆ ಒಂದರಂತೆ ಮೇಲೆ ಹಸಿರು, ಕೆಳಗೆ ಬಿಳಿ ದೀಪವನ್ನು ಸುತ್ತಲೂ ಕಾಣುವಂತೆ ಹಚ್ಚಬೇಕು. ಗಿಲ್‌ನೆಟ್‌ನಂಥ (ನೀರಿನಲ್ಲಿ ಗೋಡೆಯಂತೆ ಇಳಿಬಿಡುವ) ಬೇರೆ ಬಲೆಯವರು ಮೇಲೆ ಕೆಂಪು, ಕೆಳಗೆ ಬಿಳಿ. ಬೋಟಿನ ಉದ್ದ 20 ಮೀಟರಿಗಿಂತ ಕಡಿಮೆಯಿದ್ದರೆ ಈ ಎರಡರ ನಡುವೆ ಕನಿಷ್ಠ 1 ಮೀಟರ್, ಹೆಚ್ಚಿದ್ದರೆ 2 ಮೀಟರ್ ಅಂತರವಿರಬೇಕು. ಇಲ್ಲದಿದ್ದರೆ ದೂರದಿಂದ ಎರಡೂ ಕಲೆತು ಒಂದಾಗಿ ಕಾಣುತ್ತವೆ. ಗಿಲ್‌ನೆಟ್‌ನಂಥ ಬಲೆ ಬೋಟಿನಿಂದ 150 ಮೀಟರಿಗಿಂತ ಹೆಚ್ಚು ದೂರ ಚಾಚಿದ್ದರೆ, ಅದು ಚಾಚಿದ ದಿಕ್ಕಿನಲ್ಲಿ ಇನ್ನೊಂದು ಬಿಳಿ ದೀಪ. ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿಯುವ ಪರ್ಸಿನ್ ಬೋಟು ಬಲೆಯಿಂದಾಗಿ ತಿರುಗಲಾರದ ಸ್ಥಿತಿಯಲ್ಲಿದ್ದರೆ, ಒಂದರ ಮೇಲೊಂದು ಎರಡು ಹಳದಿ ದೀಪಗಳನ್ನು ಸರದಿಯಂತೆ ಮಿನುಗಿಸಬಹುದು. 20 ಮೀಟರ್ ಅಥವಾ ಅದಕ್ಕಿಂತ ಉದ್ದದ ಬೋಟುಗಳು ಗುಂಪಾಗಿ ಟ್ರಾಲ್ ಎಳೆಯುವಾಗ ಬಲೆ ಬಿಡುವವರು ಎರಡು ಬಿಳಿ, ಎತ್ತುವವರು ಬಿಳಿಯ ಕೆಳಗೆ ಕೆಂಪು, ಬಲೆ ಕಲ್ಲಿಗೆ ಸಿಕ್ಕಿಕೊಂಡವರು ಎರಡು ಕೆಂಪು ದೀಪ ತೋರಿಸಬೇಕೆಂದೂ ಇದೆ. ಹಗಲಿನಲ್ಲಿ ಮೊನೆಗೆ ಮೊನೆ ತಾಗಿಸಿದ ಎರಡು ಕಪ್ಪು ಶಂಕುಗಳನ್ನು ಕಂಬಕ್ಕೆ ಏರಿಸಬೇಕು.

ಎಂಜಿನ್ನಿನ ಹಡಗು, ಬಲೆ ಹಾಕಿ ಮೀನು ಹಿಡಿಯುತ್ತಿರುವ ಬೋಟಿಗೆ ದಾರಿ ಬಿಡಬೇಕೆಂಬುದು ಹದಿನೆಂಟನೆಯ ನಿಯಮ. ಬಂದರಿನ ಕಿರಿದಾದ ಕಾಲುವೆಯಲ್ಲಿ ಮಾತ್ರ ಬೋಟಿನವರು ಹಡಗಿಗೆ ಅಡ್ಡಿಯಾಗಕೂಡದು. ಈ ಹಕ್ಕು ತನಗಿದೆ ಎಂದು ಬೋಟಿನವನು ಹೇಳುವುದು ಆ ಹಸಿರು‑ಬಿಳಿ ಅಥವಾ ಕೆಂಪು‑ಬಿಳಿ ದೀಪಗಳ ಮೂಲಕವೇ. ಅವಿಲ್ಲದಿದ್ದರೆ ಹಡಗಿನ ಕಣ್ಣಿಗೆ ಅದೂ ಒಂದು ಸಾಮಾನ್ಯ ಎಂಜಿನ್ ಬೋಟು. ಹಾಗೆಯೇ ಮೀನು ಹಿಡಿಯುವುದು ಮುಗಿಸಿ ಬಂದರಿನ ಕಡೆಗೆ ಹೊರಟ ಮೇಲೂ ಅವನ್ನು ಉರಿಸುತ್ತಲೇ ಬರುವುದು ತಪ್ಪು, ಆಗ ಬೋಟಿಗೆ ಆ ಹಕ್ಕಿಲ್ಲ.

ಹೋದ ದುರಸ್ತಿಯ ಅವಧಿಯಲ್ಲಿ ಕೆಲವು ಬೋಟುಗಳ ಬದಿದೀಪಗಳನ್ನು ನಾನು ಹತ್ತಿರ ಹೋಗಿ ನೋಡಿದೆ. ಒಂದರಲ್ಲಿ ಕೆಂಪು ಪ್ಲಾಸ್ಟಿಕ್ ಮುಚ್ಚಳ ಬಿಸಿಲಿಗೆ ಬೆಳ್ಳಗಾಗಿ ಪೇರಳೆ ಹಣ್ಣಿನ ತಿರುಳಿನ ಬಣ್ಣಕ್ಕೆ ಬಂದಿತ್ತು, ಒಳಗೆ ಉಪ್ಪು ಕಟ್ಟಿತ್ತು, ಒಡೆದ ಕಡೆಗೆ ಅಂಟಿನ ಟೇಪು ಸುತ್ತಿದ್ದರು. ಅದೇ ಬೋಟಿನ ಕ್ಯಾಬಿನ್ನಿನ ಅಂಚಿಗೆ ಅಲಂಕಾರಕ್ಕೆಂದು ಹೊಸದಾಗಿ ಅಂಟಿಸಿದ ಎಲ್‌ಇಡಿ ಪಟ್ಟಿ ಮಾತ್ರ ಕೆಂಪು, ಹಸಿರು, ನೀಲಿಯಾಗಿ ಬದಲಾಗುತ್ತ ಸೊಗಸಾಗಿ ಹೊಳೆಯುತ್ತಿತ್ತು. ಬೋಟನ್ನು ಮದುವಣಗಿತ್ತಿಯಂತೆ ಸಿಂಗರಿಸುವ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಎದುರಿನಿಂದ ಬರುವವನಿಗೆ ಬೋಟಿನ ಎಡಬದಿಯಲ್ಲಿ ಒಮ್ಮೆ ಹಸಿರು, ಬಲಬದಿಯಲ್ಲಿ ಒಮ್ಮೆ ಕೆಂಪು ಕಂಡರೆ ಅವನು ತಿರುಗಬಾರದ ಕಡೆಗೆ ತಿರುಗಿಬಿಡುತ್ತಾನೆ. ಆ ಪಟ್ಟಿಗಳನ್ನು ಅಳಿವೆ ದಾಟುವ ಮೊದಲೇ ಆರಿಸಬೇಕು.

12 ಮೀಟರಿಂದ 50 ಮೀಟರಿನೊಳಗಿನ ಬೋಟಿನ ಬದಿದೀಪ ಕನಿಷ್ಠ 2 ನಾಟಿಕಲ್ ಮೈಲು, ಅಂದರೆ 3.7 ಕಿಲೋಮೀಟರ್ ದೂರಕ್ಕೆ ಕಾಣಬೇಕು. 12 ಮೀಟರಿಗಿಂತ ಸಣ್ಣದಕ್ಕೆ 1 ಮೈಲು ಸಾಕು. ಇದರ ಅರ್ಥವನ್ನು ನಿಮಿಷಗಳ ಲೆಕ್ಕದಲ್ಲಿ ನೋಡಬೇಕು. ಒಂದು ಕಂಟೇನರ್ ಹಡಗು 18 ನಾಟ್ (ಗಂಟೆಗೆ 18 ನಾಟಿಕಲ್ ಮೈಲು) ವೇಗದಲ್ಲಿ ಬರುತ್ತಿದೆ, ಬೋಟು 8 ನಾಟ್‌ನಲ್ಲಿ ಅದರ ಎದುರಿಗೆ ಹೋಗುತ್ತಿದೆ ಎಂದಿಟ್ಟುಕೊಳ್ಳಿ. ಎರಡು ಮೈಲಿನ ಅಂತರ ಐದು ನಿಮಿಷದೊಳಗೆ ಮುಗಿದುಹೋಗುತ್ತದೆ. ಮುಚ್ಚಳ ಮಂಕಾಗಿ ದೀಪ ಒಂದೇ ಮೈಲಿಗೆ ಕಂಡರೆ ಉಳಿಯುವುದು ಎರಡೂ ಕಾಲು ನಿಮಿಷ. ಸರಕು ತುಂಬಿದ ಹಡಗು ಎಂಜಿನ್ ಹಿಂದಕ್ಕೆ ಓಡಿಸಿದರೂ ನಿಲ್ಲಲು ಒಂದು ಮೈಲಿಗಿಂತ ಹೆಚ್ಚು ಬೇಕು.

2021ರ ಏಪ್ರಿಲ್ 13ರ ನಸುಕಿನಲ್ಲಿ, ನವಮಂಗಳೂರಿನಿಂದ ಸುಮಾರು 43 ನಾಟಿಕಲ್ ಮೈಲು ದೂರದಲ್ಲಿ, ಕೇರಳದ ಬೇಪೂರಿನಿಂದ ಹೊರಟಿದ್ದ ಬೋಟಿಗೂ ಸಿಂಗಾಪುರ ಧ್ವಜದ ಕಂಟೇನರ್ ಹಡಗಿಗೂ ಡಿಕ್ಕಿಯಾಯಿತು. ಬೋಟಿನಲ್ಲಿದ್ದ 14 ಮಂದಿಯಲ್ಲಿ ಇಬ್ಬರನ್ನು ಮಾತ್ರ ಜೀವಂತವಾಗಿ ರಕ್ಷಿಸಲಾಯಿತು. ತಪ್ಪು ಯಾರದೆಂಬುದು ಈ ಬರಹದ ವಿಷಯವಲ್ಲ. ಕಾಪುವಿನ ದೀಪಸ್ತಂಭದ ಬೆಳಕು ತಲುಪದ ಆ ದೂರದಲ್ಲಿ ನಮ್ಮ ಆಳಸಮುದ್ರದ ಬೋಟುಗಳೂ ದಿನಗಟ್ಟಲೆ ಇರುತ್ತವೆ, ಹಡಗುಗಳು ಅಲ್ಲಿ ಪೂರ್ಣ ವೇಗದಲ್ಲಿ ಸಾಗುತ್ತವೆ ಎಂಬುದನ್ನು ಮಾತ್ರ ನೆನಪಿಸುತ್ತೇನೆ.

ಮಳೆ ದಟ್ಟವಾಗಿ ಸುರಿಯುವಾಗ ದೀಪವೂ ಕೆಲಸಕ್ಕೆ ಬಾರದು, ಆಗ ಹಾರ್ನ್. ಸಾಗುತ್ತಿರುವ ಎಂಜಿನ್ ಹಡಗು ಎರಡು ನಿಮಿಷ ಮೀರದಂತೆ ಒಂದೊಂದು ದೀರ್ಘ ಸದ್ದು ಮಾಡಬೇಕು. ಮೀನು ಹಿಡಿಯುತ್ತಿರುವ ಬೋಟು ಒಂದು ದೀರ್ಘ, ಎರಡು ಗಿಡ್ಡ. 12 ಮೀಟರಿಗಿಂತ ಸಣ್ಣ ದೋಣಿಯವರು ಇದೇ ಕ್ರಮವನ್ನು ಪಾಲಿಸಬೇಕಿಲ್ಲ, ಆದರೆ ಕೇಳಿಸುವಂಥ ಯಾವುದಾದರೂ ಸದ್ದು ಮಾಡಲೇಬೇಕು. ಕಣ್ಣಿಗೆ ಕಾಣುತ್ತಿರುವಾಗ ಹಡಗೊಂದು ಐದು ಅಥವಾ ಹೆಚ್ಚು ಗಿಡ್ಡ ಸದ್ದುಗಳನ್ನು ಬೇಗಬೇಗನೆ ಮಾಡಿದರೆ, ನಿಮ್ಮ ಉದ್ದೇಶ ಅವರಿಗೆ ತಿಳಿಯುತ್ತಿಲ್ಲವೆಂದು ಅರ್ಥ; ಅದನ್ನು ಬೈಗುಳವೆಂದು ತಿಳಿದು ಸುಮ್ಮನಿರಬಾರದು. ಆಪತ್ತಿಗೆ ವಿಎಚ್‌ಎಫ್‌ನ 16ನೇ ರೇಡಿಯೊ ಚಾನೆಲ್, ಕೋಸ್ಟ್ ಗಾರ್ಡ್‌ನ 1554 ಸಂಖ್ಯೆ, ಕೆಂಪು ರಾಕೆಟ್, ಹಗಲಿನಲ್ಲಿ ಕಿತ್ತಳೆ ಬಣ್ಣದ ಹೊಗೆ ಇವೆ. ಇವೇನೂ ಇಲ್ಲದಿದ್ದರೆ ಚಾಚಿದ ಎರಡೂ ಕೈಗಳನ್ನು ನಿಧಾನವಾಗಿ ಮೇಲೆ ಕೆಳಗೆ ಮಾಡುವುದೂ ಅಂತರರಾಷ್ಟ್ರೀಯ ಸಂಕೇತವೇ.

ಬೋಟಿನ ವಾರ್ಷಿಕ ತಪಾಸಣೆಯಲ್ಲಿ ದೀಪಗಳನ್ನು ಸೂರ್ಯಾಸ್ತದ ನಂತರವೇ ಪರೀಕ್ಷಿಸಬೇಕೆಂದು ನಾನು ಸಂಬಂಧಪಟ್ಟವರಲ್ಲಿ ಕೇಳಿಕೊಳ್ಳುತ್ತೇನೆ. ಅಲ್ಲಿಯವರೆಗೆ ಮಾಲೀಕರೇ ಇದನ್ನು ಮಾಡಬಹುದು. ಕಡಲು ಶಾಂತವಾಗಿರುವ ಒಂದು ರಾತ್ರಿ ಬೋಟನ್ನು ಲಂಗರು ಹಾಕಿ ನಿಲ್ಲಿಸಿ, ಪರೀಕ್ಷೆಯ ಹೊತ್ತಿಗೆ ಮಾತ್ರ ಸಾಗುವಾಗಿನ ದೀಪಗಳನ್ನು ಹಚ್ಚಿ, ಒಂದು ನಾಡದೋಣಿಯಲ್ಲಿ ಮೊಬೈಲ್ ಹಿಡಿದುಕೊಂಡು ಅದರ ಸುತ್ತ ದೊಡ್ಡದಾಗಿ ಒಂದು ಸುತ್ತು ಹಾಕಿ. ನೇರ ಮುಂದೆ ಕೆಂಪು, ಹಸಿರು ಎರಡೂ ಕಾಣಬೇಕು. ಬೋಟಿನ ಎಡಬದಿಯ ಕಡೆಗೆ ಸರಿದೊಡನೆ ಹಸಿರು ಮರೆಯಾಗಬೇಕು. ಆಗದಿದ್ದರೆ ದೀಪದ ಒಳಬದಿಯ ಮರೆಹಲಗೆಯನ್ನು ಉದ್ದ ಮಾಡಿ, ಅದಕ್ಕೆ ಹೊಳೆಯದ ಕಪ್ಪು ಬಣ್ಣ ಬಳಿಯಿರಿ. ಬೋಟಿನ ನಡುಭಾಗ ದಾಟಿ ಸ್ವಲ್ಪ ಹಿಂದಕ್ಕೆ ಹೋದಾಗ ಕೆಂಪು ಹೋಗಿ ಹಿಂಭಾಗದ ಬಿಳಿ ಬರಬೇಕು. ಬಳಿಕ ಬೋಟಿನಲ್ಲಿರುವವರಿಗೆ ಫೋನ್ ಮಾಡಿ ಡೆಕ್ಕಿನ ಫ್ಲಡ್‌ಲೈಟುಗಳನ್ನು ಒಂದೊಂದಾಗಿ ಹಚ್ಚಲು ಹೇಳಿ, ಯಾವುದನ್ನು ಹಚ್ಚಿದಾಗ ಬಣ್ಣ ಕಾಣದಾಗುತ್ತದೆಯೋ ಆ ದೀಪದ ಜಾಗವನ್ನು ಮರುದಿನವೇ ಬದಲಿಸಿ.