ಮಳೆಗಾಲದಲ್ಲಿ ತೆರೆದಿಟ್ಟ ಒಂದು ಸಾಲು

ಶಿರಸಿಯ ಅಡಿಕೆ ವ್ಯಾಪಾರಿಯೊಬ್ಬರ ವಖಾರಿಯ ಲೆಕ್ಕಪತ್ರದ ತಂತ್ರಾಂಶವನ್ನು ನಾನು ನೋಡಿಕೊಳ್ಳುತ್ತೇನೆ. ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟುಗಳ ತೂಕ ಮತ್ತು ದರವೆಲ್ಲ ಮುಂಬೈಯ ಬಾಡಿಗೆ ಸರ್ವರ್ ಒಂದರಲ್ಲಿರುವ ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಸೇರುತ್ತವೆ; ಘಟ್ಟದ ಕೆಳಗಿನ ಕುಮಟಾ ಶಾಖೆಯೂ ಅದನ್ನೇ ಬಳಸುತ್ತದೆ. ಮೊದಲು ಆ ಶಾಖೆಯ ಐಪಿ ವಿಳಾಸಕ್ಕೆ ಮಾತ್ರ ಪ್ರವೇಶ ಕೊಟ್ಟಿದ್ದೆ. ಮಳೆ ಹಿಡಿದು ದಿನಕ್ಕೆ ನಾಲ್ಕಾರು ಸಲ ಕರೆಂಟು ಹೋಗತೊಡಗಿದ ಮೇಲೆ, ರೂಟರ್ ಮತ್ತೆ ಹೊತ್ತಿಕೊಂಡಾಗಲೆಲ್ಲ ವಿಳಾಸ ಬದಲಾಗುತ್ತಿತ್ತು, ಯಜಮಾನರ ಫೋನ್ ಬರುತ್ತಿತ್ತು: "ತಮಾ, ಕುಮಟಾದಲ್ಲಿ ಬಿಲ್ ಬತ್ತಾ ಇಲ್ಯಡ."

ಐದನೆಯ ಫೋನಿಗೆ ನಾನು ಸೋತೆ. ಯಾರು ಎಲ್ಲಿಂದ ಒಳಬರಬಹುದೆಂದು ಡೇಟಾಬೇಸಿಗೆ ಹೇಳುವ ಪಿಜಿ ಎಚ್‌ಬಿಎ ಕಡತದಲ್ಲಿ, ವಿಳಾಸವಿದ್ದ ಜಾಗಕ್ಕೆ 0.0.0.0/0 (ಅಂದರೆ ಯಾವ ವಿಳಾಸವಾದರೂ ಸರಿ) ಎಂದು ಬರೆದು, ಪಕ್ಕದಲ್ಲಿ 'ತಾತ್ಕಾಲಿಕ' ಎಂಬ ಟಿಪ್ಪಣಿ ಸೇರಿಸಿದೆ. ಅದು ದೀಪಾವಳಿಯವರೆಗೂ ಹಾಗೆಯೇ ಇತ್ತು. ಲಾಗ್ ತೆರೆದು ನೋಡಿದಾಗ, ಗುರುತೇ ಇಲ್ಲದ ವಿಳಾಸಗಳಿಂದ 'ಪೋಸ್ಟ್‌ಗ್ರೆಸ್' ಎಂಬ ಬಳಕೆದಾರನ ಹೆಸರಿನಲ್ಲಿ ಪಾಸ್‌ವರ್ಡ್ ಊಹಿಸುವ ಪ್ರಯತ್ನಗಳು ರಾತ್ರಿಯಿಡೀ ನಡೆದಿದ್ದವು. ಪೋಸ್ಟ್‌ಗ್ರೆಸ್‌ನ ಬಾಗಿಲಾದ 5432ನೇ ಪೋರ್ಟ್ ತೆರೆದಿದ್ದರೆ ಅದನ್ನು ಹುಡುಕಲು ಯಾರೂ ನಮ್ಮ ವಖಾರಿಯ ಹೆಸರು ತಿಳಿದಿರಬೇಕಿಲ್ಲ. 2017ರ ಜನವರಿಯಲ್ಲಿ ಪಾಸ್‌ವರ್ಡ್ ಇಲ್ಲದೆ ತೆರೆದಿದ್ದ ಸಾವಿರಾರು ಮೊಂಗೋಡಿಬಿ ಡೇಟಾಬೇಸುಗಳನ್ನು ಅಳಿಸಿ, ಹಣ ಕೇಳುವ ಚೀಟಿ ಬಿಟ್ಟು ಹೋದವರೂ ಹೀಗೆಯೇ ಬಾಗಿಲು ತಡವುತ್ತ ಬಂದವರು.

ಸಾಲನ್ನು ಅಳಿಸಿಬಿಡುವುದು ಸುಲಭವಿತ್ತು. ಆದರೆ ಕೆಲಸ ನಿಂತರೆ ಜನ ಅಡ್ಡದಾರಿ ಹುಡುಕುತ್ತಾರೆ. ಮುಖ್ಯ ಪಾಸ್‌ವರ್ಡನ್ನೇ ವಾಟ್ಸ್ಆ್ಯಪಿನಲ್ಲಿ ಹಂಚಿಕೊಂಡ ಕಚೇರಿಯನ್ನು ನಾನೇ ಕಂಡಿದ್ದೇನೆ. ಆದ್ದರಿಂದ ಪೋಸ್ಟ್‌ಗ್ರೆಸ್ ಲೋಕಲ್‌ಹೋಸ್ಟ್‌ನಲ್ಲಷ್ಟೇ, ಅಂದರೆ ತಾನಿರುವ ಸರ್ವರ್‌ನ ಒಳಗಿನಿಂದ ಬಂದ ಕರೆಗಷ್ಟೇ, ಕಿವಿಗೊಡುವಂತೆ ಮಾಡಿ, ಕುಮಟಾದಿಂದ ಸರ್ವರ್‌ವರೆಗೆ ಎಸ್‌ಎಸ್‌ಎಚ್ ಸುರಂಗ, ಅಂದರೆ ಗೂಢಲಿಪಿಯ ಸಂಪರ್ಕ, ಹಾಕಿದೆ. ವಿಳಾಸ ಎಷ್ಟು ಸಲ ಬದಲಾದರೂ ಸುರಂಗಕ್ಕೆ ಬೇಕಾದದ್ದು ಶಾಖೆಯ ಕಂಪ್ಯೂಟರಿನಲ್ಲಿರುವ ಕೀಲಿ ಕಡತ ಮಾತ್ರ.

ಇಲ್ಲಿಯೇ ನಾನು ಎಡವಿದ್ದು. ಸುರಂಗದ ಮೂಲಕ ಬಂದವರು ಡೇಟಾಬೇಸಿನ ಕಣ್ಣಿಗೆ 127.0.0.1ರಿಂದ, ಅಂದರೆ ಮನೆಯೊಳಗಿನಿಂದಲೇ, ಬಂದವರಂತೆ ಕಾಣುತ್ತಾರೆ. ಆ ವಿಳಾಸಕ್ಕೆ, ರಾತ್ರಿಯ ಬ್ಯಾಕಪ್ ಪಾಸ್‌ವರ್ಡ್ ಕೇಳದೆ ನಡೆಯಲೆಂದು, ಹಿಂದೆ ಯಾವತ್ತೋ ಪಿಜಿ ಎಚ್‌ಬಿಎ ಕಡತದಲ್ಲಿ 'ಟ್ರಸ್ಟ್' (ಪಾಸ್‌ವರ್ಡ್ ಕೇಳದೆ ನಂಬು) ಎಂದು ಬರೆದಿಟ್ಟಿದ್ದೆ. ಕಡತವನ್ನು ಮೇಲಿನಿಂದ ಕೆಳಗೆ ಓದುವ ಪೋಸ್ಟ್‌ಗ್ರೆಸ್, ಮೊದಲು ಹೊಂದಿಕೆಯಾದ ಸಾಲಿನಲ್ಲೇ ತೀರ್ಮಾನ ಮಾಡಿ ಮುಂದಿನದನ್ನು ನೋಡುವುದಿಲ್ಲ. ಹೀಗಾಗಿ ಕುಮಟಾದ ಗುಮಾಸ್ತರು ಬಯಸಿದ್ದರೆ ಪಾಸ್‌ವರ್ಡೇ ಇಲ್ಲದೆ, ಡೇಟಾಬೇಸಿನಲ್ಲಿ ಏನು ಬೇಕಾದರೂ ಮಾಡಬಲ್ಲ ಸೂಪರ್‌ಯೂಸರ್ ಆಗಬಹುದಿತ್ತು. ಪುಣ್ಯಕ್ಕೆ ಅವರಿಗೆ ಬಿಲ್ಲಿನ ಹೊರತು ಬೇರೇನೂ ಬೇಕಿರಲಿಲ್ಲ.

'ಟ್ರಸ್ಟ್' ಇದ್ದ ಆ ಸಾಲಿಗೆ ಪಾಸ್‌ವರ್ಡ್ ಪರೀಕ್ಷಿಸುವ 'ಸ್ಕ್ರ್ಯಾಮ್-ಶಾ-256' ವಿಧಾನ ಹಾಕಿ, ಬ್ಯಾಕಪ್‌ನ ಪಾಸ್‌ವರ್ಡನ್ನು ಅದು ತಾನೇ ಓದಿಕೊಳ್ಳುವ ಪಿಜಿಪಾಸ್ ಕಡತದಲ್ಲಿಟ್ಟೆ. ಅದರ ಅನುಮತಿ 0600, ಅಂದರೆ ಒಡೆಯನಷ್ಟೇ ಓದಿ ಬರೆಯುವಂತೆ, ಆಗಿರಬೇಕು. ಬೇರೆಯವರೂ ಓದುವಂತಿದ್ದರೆ ಆ ಕಡತವನ್ನು ಬಳಸುವುದೇ ಇಲ್ಲ. ಮೊದಲ ರಾತ್ರಿ ನನ್ನ ಬ್ಯಾಕಪ್ ತಪ್ಪಿದ್ದು ಅದಕ್ಕೇ.

ಒಂದು ಸಡಿಲಿಕೆಯನ್ನು ತಿಳಿದೂ ಉಳಿಸಿದ್ದೇನೆ. ಕರೆಂಟು ಬಂದೊಡನೆ ಸುರಂಗ ತಾನಾಗಿ ಏಳಬೇಕಾದ್ದರಿಂದ ಕುಮಟಾದ ಕೀಲಿಗೆ ರಹಸ್ಯಪದವಿಲ್ಲ. ಬದಲಿಗೆ, ಡೇಟಾಬೇಸಿನ ಪೋರ್ಟ್ ಹೊರತು ಬೇರೇನನ್ನೂ ಮುಟ್ಟದಂತೆ ಅದನ್ನು ಕಟ್ಟಿಹಾಕಿದ್ದೇನೆ. ಕಂಪ್ಯೂಟರ್ ಕಳುವಾದರೆ ಆ ಕೀಲಿಗೆ ಪ್ರವೇಶ ತಪ್ಪಿಸಲು ಸರ್ವರ್‌ನಲ್ಲಿ ಯಾವ ಸಾಲನ್ನು ಅಳಿಸಬೇಕೆಂಬುದು ಯಜಮಾನರ ಖಾತೆ ಪುಸ್ತಕದ ಕೊನೆಯ ಹಾಳೆಯಲ್ಲಿದೆ.